ಒತ್ತಡ ತೆಗೆದ ಮೇಲಿನ ಸಂಖ್ಯೆ

೨೦೧೯ರಲ್ಲಿ ನಾನು ಹೊನ್ನಾವರದ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಅಲ್ಲಿನ ವಸ್ತು ಪರೀಕ್ಷಾ ಪ್ರಯೋಗಾಲಯದ ಹೊಣೆಯೂ ನನ್ನದೇ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಲೆ ತಗ್ಗಿಸಿಕೊಂಡು ದಿನ ದೂಡಿ ಎಂದು ಹಿತೈಷಿಗಳೆಲ್ಲ ಹೇಳುತ್ತಿದ್ದರು. ನನ್ನ ಕತ್ತಿಗೆ ಆ ಅಭ್ಯಾಸವಿರಲಿಲ್ಲ.

ಜೂನ್ ತಿಂಗಳು, ಮೀನುಗಾರಿಕೆ ನಿಷೇಧದ ಕಾಲ. ತದಡಿಯ ಬೋಟ್ ಮಾಲೀಕ ಗಣಪತಿ ಹರಿಕಂತ್ರರು ಕಂಕುಳಲ್ಲಿ ಬಳಸದೆ ಉಳಿದಿದ್ದ ಹಳದಿ ಫೋಮ್ ಶೀಟೊಂದನ್ನು ಇಟ್ಟುಕೊಂಡು ಪ್ರಯೋಗಾಲಯಕ್ಕೆ ಬಂದರು. ಬೋಟಿನಲ್ಲಿ ಮೀನು ತುಂಬುವ ಕೋಣೆಯ ನೆಲಕ್ಕೂ ಗೋಡೆಗೂ ಇಂಥ ಶೀಟ್ ಹಾಕುತ್ತಾರೆ. ಹೊರಗಿನ ಶಾಖ ಒಳಗಿನ ಐಸಿಗೆ ತಾಗಬಾರದು. ಕಂಪನಿಯೊಂದರ ಈ ಹೊಸ ಶೀಟನ್ನು ತದಡಿಯಲ್ಲಿ ಮೊದಲು ಹಾಕಿಸಿದವರು ಇವರು. ಹಂಗಾಮಿನ ಕೊನೆಗೆ ತಳದ ಐಸು ಬೇಗ ಬೇಗ ಕರಗಿ ಬಂಗಡೆ ಮೆತ್ತಗಾಗತೊಡಗಿತು. ಇವರೇ ಐಸು ಹಾಕಲು ಜಿಪುಣತನ ಮಾಡಿದ್ದಾರೆ ಎಂದು ಕಂಪನಿಯವರು ಬಂದರಿನಲ್ಲೆಲ್ಲ ಹೇಳಿಬಿಟ್ಟರು. ಅದನ್ನು ನಂಬಿದ ಉಳಿದ ಮಾಲೀಕರು, ನಿಷೇಧ ಮುಗಿಯುವ ಆಗಸ್ಟಿಗೆ ಮುಂಚೆ, ತಮ್ಮ ಬೋಟುಗಳಿಗೂ ಅದೇ ಶೀಟ್ ಹಾಕಿಸಲು ಹೊರಟಿದ್ದರು.

"ಐಸು ಎಷ್ಟು ಹಾಕೂದು ಅಂತ ನಾನು ಈಗ ಇವ್ರ ಹತ್ರ ಕಲೀಬೇಕಾ, ಮೇಡಂ? ನನ್ ಮೀನು ಅಂದ್ರೆ ಈಗ ಮೂಸಿ ನೋಡ್ತ್ರು. ಶೀಟಿಂದು ತಪ್ಪೋ, ನಂದೋ, ಹೇಳಿ. ನಂದೇ ಆದ್ರೆ ಬಂದರದಲ್ಲಿ ನಿಂತ್ಕಂಡು ಒಪ್ಕಳ್ತೆ" ಎಂದರು.

ವಸ್ತುವಿನ ಮೂಲಕ ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆಯೇ ಉಷ್ಣ ವಾಹಕತೆ, ಅಂದರೆ ಥರ್ಮಲ್ ಕಂಡಕ್ಟಿವಿಟಿ. ಸಂಖ್ಯೆ ಚಿಕ್ಕದಿದ್ದಷ್ಟೂ ಐಸಿಗೆ ಒಳ್ಳೆಯದು. ಒಂದು ಬಿಸಿ ಫಲಕ, ಒಂದು ತಣ್ಣನೆಯ ಫಲಕ, ನಡುವೆ ಶೀಟಿನಿಂದ ಕತ್ತರಿಸಿದ ತುಂಡು. ತಾಪಮಾನ ಸ್ಥಿರವಾಗುವವರೆಗೆ ಕಾದು ಲೆಕ್ಕ ಹಾಕಬೇಕು. ಹಾಗೆ ಅಳೆದಾಗ 0.024 ಬಂತು. ಕಂಪನಿಯ ಕರಪತ್ರದಲ್ಲೂ ಅಷ್ಟೇ ಇತ್ತು. ಆದರೆ ಬೋಟಿನ ತಳದ ಶೀಟ್ ನನ್ನ ಮೇಜಿನ ಮೇಲಿನ ಶೀಟಿನಂತೆ ಆರಾಮವಾಗಿ ಮಲಗಿರುವುದಿಲ್ಲ. ಮೇಲೆ ಟನ್‌ಗಟ್ಟಲೆ ಐಸು, ಮೀನು. ಸಾಲದ್ದಕ್ಕೆ ತೆರೆ ಬೋಟನ್ನು ಎತ್ತಿ ಕುಕ್ಕಿದಾಗಲೆಲ್ಲ ಆ ಭಾರ ಅದನ್ನು ಅಡಿಯ ಅಡ್ಡಮರಗಳಿಗೆ ಒತ್ತುತ್ತದೆ. ಆದ್ದರಿಂದ ಫಲಕಗಳ ಸಮೇತ ಆ ತುಂಡನ್ನು ಹೈಡ್ರಾಲಿಕ್ ಪ್ರೆಸ್ಸಿಗೆ ಕೊಟ್ಟು ಎರಡು ಬಾರ್ ಒತ್ತಡದಲ್ಲಿ, ಹೆಚ್ಚುಕಡಿಮೆ ಕಾರಿನ ಟೈರಿನಲ್ಲಿರುವಷ್ಟು, ಅಳೆದೆ. ಶೀಟ್ ತೆಳುವಾದದ್ದನ್ನು ಲೆಕ್ಕಕ್ಕೆ ಹಿಡಿದ ಮೇಲೂ 0.036 ಬಂತು.

ಸುದ್ದಿ ಪ್ರಾಂಶುಪಾಲರಿಗೆ ಮುಟ್ಟಿತು. "ಆ ಕಂಪನಿ ನಮ್ಮ ಹೊಸ ಕಟ್ಟಡಕ್ಕೆ ನೆರವಾಗುವುದರಲ್ಲಿದೆ ಮೇಡಂ. ಒತ್ತಡವಿಲ್ಲದೆ ಅಳೆದ ಸಂಖ್ಯೆ ಇದೆಯಲ್ಲ, ಅದನ್ನಷ್ಟೇ ಬರೆದುಕೊಡಿ. ಅದೇನು ಸುಳ್ಳಲ್ಲವಲ್ಲ" ಎಂದರು.

"ಸುಳ್ಳಲ್ಲ ಸರ್, ಅರ್ಧ ನಿಜ. ಇನ್ನರ್ಧವನ್ನು ಅವರೆದುರೇ ಅಳೆಯುತ್ತೇನೆ, ಕರೆಸಿ" ಎಂದೆ.

ಭಟ್ಕಳದ ಶಾಖೆಯಿಂದ ಕಂಪನಿಯ ಎಂಜಿನಿಯರ್ ತನ್ನದೇ ಹೊಸ ಶೀಟ್ ಹಿಡಿದು ಬಂದ. ಪ್ರಾಂಶುಪಾಲರೂ ಗಣಪತಿಯವರೂ ಕುರ್ಚಿ ಹಾಕಿಕೊಂಡು ಕೂತರು. ಅದನ್ನೂ ಪ್ರೆಸ್ಸಿನಲ್ಲಿಟ್ಟು ಅಳೆದಾಗ 0.037 ಬಂತು. ಎಂಜಿನಿಯರ್ ದಡ್ಡನಲ್ಲ.

"ಒತ್ತಿದಾಗ ಶೀಟ್ ನಿಮ್ಮ ಫಲಕಕ್ಕೆ ಬಿಗಿಯಾಗಿ ಅಂಟುತ್ತದೆ, ಶಾಖ ಸಲೀಸಾಗಿ ದಾಟುತ್ತದೆ. ಸಂಖ್ಯೆ ಏರಿದ್ದು ಅದರಿಂದ. ಫೋಮಿನ ದೋಷವಲ್ಲ" ಎಂದ.

ಆಕ್ಷೇಪ ನ್ಯಾಯವಾದದ್ದೇ. ಪ್ರಾಂಶುಪಾಲರ ಮುಖ ಅರಳಿತು. ಗಣಪತಿಯವರು ನೆಲ ನೋಡಿದರು. ಅವರು ಹಾಗೆ ನೆಲ ನೋಡಿದ್ದು ನನ್ನಿಂದ ಸಹಿಸಲಾಗಲಿಲ್ಲ.

"ಆಗಲಿ, ಒತ್ತಡ ತೆಗೆಯುತ್ತೇನೆ" ಎಂದೆ. "ನೀವು ಹೇಳಿದ್ದು ನಿಜವಾದರೆ ಸಂಖ್ಯೆ ನಿಮ್ಮ ಕರಪತ್ರದ 0.024ಕ್ಕೆ ಇಳಿಯಬೇಕು. ಇಳಿದರೆ ನನ್ನ ವರದಿಯನ್ನು ಇಲ್ಲೇ ಹರಿದು ಹಾಕುತ್ತೇನೆ. ಶಾಖ ತಡೆಯುವುದು ಫೋಮಿನ ಪುಟ್ಟ ಗೂಡುಗಳಲ್ಲಿ ಸಿಕ್ಕಿಕೊಂಡ ಅನಿಲ. ಆ ಗೂಡುಗಳೇ ಒಡೆದಿದ್ದರೆ ಒತ್ತಡ ತೆಗೆದರೂ ಇಳಿಯುವುದಿಲ್ಲ."

ತಾಪಮಾನ ಮತ್ತೆ ಸ್ಥಿರವಾಗಲು ಗಂಟೆಗಟ್ಟಲೆ ಬೇಕು. ಊಟಕ್ಕೆ ಯಾರೂ ಏಳಲಿಲ್ಲ. ಕೊನೆಗೆ ಬಂದದ್ದು 0.035. ಎಂಜಿನಿಯರ್ ತನ್ನ ಕೈಯಾರೆ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದ. ಅಷ್ಟೇ ಬಂತು.

"ಎಂತ ಆತು ಮೇಡಂ?" ಗಣಪತಿಯವರು ಕೇಳಿದರು.

"ತಪ್ಪು ಶೀಟಿನದು. ಭಾರ ಬಿದ್ದರೆ ಇದು ಸಾಯುತ್ತದೆ, ಮತ್ತೆ ಏಳುವುದಿಲ್ಲ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಈ ಮಾತು ನಾ ಹೇಳಿದ್ರೆ ಯಾರ್ ನಂಬ್ತ್ರು? ನೀವೇ ಬಂದರದಲ್ಲಿ ಬಂದು ಹೇಳ್ತ್ರಾ?"

"ಪರೀಕ್ಷೆಯಷ್ಟೇ ನಿಮ್ಮ ಕೆಲಸ ಮೇಡಂ, ಬಂದರಿಗೆ ಹೋಗುವುದಲ್ಲ" ಎಂದು ಪ್ರಾಂಶುಪಾಲರು ಎದ್ದು ನಿಂತರು. ಮರುದಿನ ನಾನು ರಜೆ ಹಾಕಿ, ಗಣಪತಿಯವರ ಶೀಟಿನ ಒತ್ತಿದ ತುಂಡು, ಒತ್ತದೆ ಉಳಿದ ತುಂಡು ಎರಡನ್ನೂ ಹಿಡಿದು ಕುಮಟೆಯಲ್ಲಿ ಬಸ್ಸು ಬದಲಿಸಿ ತದಡಿಗೆ ಹೋದೆ. ಬಲೆ ಹೆಣೆಯುತ್ತಿದ್ದವರೆಲ್ಲ ಸುತ್ತ ಸೇರಿದರು. ಎರಡೂ ಸಂಖ್ಯೆಗಳನ್ನು ಹೇಳಿ, ಅರ್ಥ ಬಿಡಿಸಿದೆ.

"ಹಾಂಗಾದ್ರೆ ಗಣಪತಿಂದು ತಪ್ಪಲ್ಲ?" ಹಿರಿಯ ಮಾಲೀಕರೊಬ್ಬರು ಕೇಳಿದರು.

"ಅಲ್ಲ" ಎಂದೆ. ಹಿಂದಿದ್ದವರಿಗೂ ಕೇಳಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಆ ಶೀಟು ತದಡಿಯ ಬೇರೆ ಯಾವ ಬೋಟಿಗೂ ಏರಲಿಲ್ಲ. ಅದೇ ತಿಂಗಳು ಪ್ರಯೋಗಾಲಯದ ಹೊಣೆಯನ್ನು ನನ್ನಿಂದ ಕಿತ್ತುಕೊಂಡರು. ಉಳಿದ ಎರಡು ವರ್ಷ ಪಾಠ ಮಾಡಿಕೊಂಡಿದ್ದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆ ಪ್ರೆಸ್ಸನ್ನು ನಾನೇ ಕೂಡಿಸಿ ನಿಲ್ಲಿಸಿದ್ದೆ. ಆದರೆ ವೃತ್ತಿ ನನಗೆ ಕಲಿಸಿದ ಪಾಠ ಇದು: ಅಳೆದವರು ತಮ್ಮ ಅಳತೆಯ ಪಕ್ಕದಲ್ಲಿ ನಿಲ್ಲಬೇಕು. ಕೋಣೆಯೊಳಗೆ ನಿಜ ಕಂಡುಹಿಡಿದು, ಅದು ಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಕೊಳ್ಳುವುದಾದರೆ ಅಳೆಯುವ ಸಂಭ್ರಮವೇ ಬೇಡ. ಇನ್ನೊಮ್ಮೆ ಅಂಥ ದಿನ ಬಂದರೂ ನಾನು ತದಡಿಯ ಬಸ್ಸನ್ನೇ ಹತ್ತುತ್ತೇನೆ.