ಬಾಸಿಂಗ ಸರದೈತಿ ನೋಡ್ರಿ

ಕಾಕು ಎಂಥ ಇಳಕಲ್ ಸೀರೆಯನ್ನೇ ಉಟ್ಟು ಬರಲಿ, ಮದುವೆ ಮನೆಯಿಂದ ಹೊರಡುವ ಹೊತ್ತಿಗೆ ಅದರ ಎಡಭುಜಕ್ಕೆ ಸುಣ್ಣ ಮೆತ್ತಿರುತ್ತಿತ್ತು. ಫಂಕ್ಷನ್ ಹಾಲಿನ ಕಂಬಕ್ಕೆ ಭುಜ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಬಿಗಿದು, ಉಸಿರು ಹಿಡಿದು ಕ್ಯಾಮೆರಾ ಎತ್ತಿದರೆಂದರೆ ಅವರೂ ಆ ಕಂಬದ ಪೈಕಿಯೇ. ಆಗ ಬೆನ್ನ ಹಿಂದೆ ಬ್ಯಾಂಡಿನವರು ಬಂದು ಬಾರಿಸಿದರೂ ಅವರಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಉಳಿದ ಹೊತ್ತು ಮಾತ್ರ ಆ ಬಾಯಿಗೆ ಬೀಗವೇ ಇರಲಿಲ್ಲ.

ಕಾಕು ನಮಗೆ ಬಳಗವಲ್ಲ. ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನಮ್ಮ ಮೇಲಿನ ಮನೆಯವರು, ವಿಜಯಪುರದ ಕಡೆಯವರು. ಅವರ ಯಜಮಾನರೂ ನಮ್ಮಪ್ಪನೂ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಮಕ್ಕಳು ದೊಡ್ಡವರಾದ ಮೇಲೆ ಕೈಗೆ ಬಂದ ಕ್ಯಾಮೆರಾವನ್ನು ಕಾಕು ಮತ್ತೆ ಕೆಳಗಿಡಲಿಲ್ಲ. ನಮ್ಮ ಕನ್ನಡ ಮಂದಿಯ ತೊಟ್ಟಿಲು, ಸೀಮಂತ, ಕೋಲಾಟ, ಎಲ್ಲದಕ್ಕೂ ಕಾಕು ಬೇಕೇ ಬೇಕು.

ಮಂದ ಬೆಳಕಿನ ಹಾಲಿನಲ್ಲಿ ಕುಣಿಯುವ ಮಕ್ಕಳ ಫೋಟೋ ನಾವು ತೆಗೆದರೆ ಕೈಕಾಲು ಹೊಗೆಯಾಗಿ ಬರುತ್ತಿದ್ದವು. ಕಾಕು ತೆಗೆದರೆ ಹುಡುಗಿ ನೆಲ ಬಿಟ್ಟು ನಿಂತಿರುತ್ತಿದ್ದಳು, ಜಡೆ ಮೇಲೆ ಹಾರಿರುತ್ತಿತ್ತು, ರಿಬ್ಬನ್ನಿನ ಗಂಟು ಕೂಡ ಕಾಣುತ್ತಿತ್ತು. ಇದೇನು ಮಾಯೆಯೋ ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ. ಫ್ಲ್ಯಾಶ್ ಅಂದರೆ ಅವರಿಗೆ ಆಗುತ್ತಿರಲಿಲ್ಲ, ಮುಖದ ಮೇಲೆ ಮಿಂಚು ಹೊಡೆದರೆ ಮಂದಿ ಬೆಚ್ಚುತ್ತಾರೆ ಎನ್ನುತ್ತಿದ್ದರು. ಮೊದಲು ಹಾಲಿನ ಪರದೆಗಳನ್ನೆಲ್ಲ ಸರಿಸಿ, ಇದ್ದಬದ್ದ ದೀಪ ಹಾಕಿಸುವರು. ಲೆನ್ಸಿನ ಬಾಯಿ ಪೂರ್ತಿ ತೆರೆದು, ಕ್ಯಾಮೆರಾದ ಕಣ್ಣು ಆದಷ್ಟು ಬೇಗ ಮುಚ್ಚುವಂತೆ ಇಡುವರು. ಫೋಟೋದಲ್ಲಿ ರವೆ ಉದುರಿದಂತೆ ಕಂಡರೂ ಅಡ್ಡಿಯಿಲ್ಲ, ಮುಖ ಮಾತ್ರ ಅಲುಗಬಾರದು, ಇದು ಅವರ ಹಟ. ಗುಟ್ಟು ಏನೆಂದು ಒಮ್ಮೆ ಕಾಡಿದಾಗ ಹೇಳಿದರು:

"ಜೋಕಾಲಿ ಮ್ಯಾಲ ಹೋಗಿ ಹೊಳ್ಳೂಕಿಂತ ಮೊದಲ ಒಂದ್ ಗಳಿಗಿ ನಿಲ್ಲತೈತಿ, ಹೌದಿಲ್ಲೋ? ಮಂದೀನೂ ಹಂಗ ಯವ್ವಾ. ಎಷ್ಟ ಕುಣದರೂ ನಡುವ ನಿಲ್ಲತಾರ. ಅದನ್ನ ಕಾಯಬೇಕು."

ನನ್ನ ಮದುವೆ ಗೊತ್ತಾದಾಗ ಅಪ್ಪನಿಗೆ ಕಂಪವಾಯು ಬಂದು ಕೆಲವು ವರ್ಷಗಳಾಗಿದ್ದವು. ಬಲಗೈ ನಡುಗುತ್ತಿತ್ತು. ಹರೆಯದಲ್ಲಿ ಕಾರ್ಖಾನೆಯಲ್ಲಿ ಕೂದಲೆಳೆಯಂಥ ತಂತಿಗಳನ್ನು ಜೋಡಿಸಿದ ಕೈ ಅದು. ಆ ಅಭಿಮಾನಕ್ಕೆ ಪೆಟ್ಟು ಬಿದ್ದು, ಅಪ್ಪ ಯಾವ ಫೋಟೋದಲ್ಲೂ ನಿಲ್ಲದಾದರು. ಹಿಡಿದು ನಿಲ್ಲಿಸಿದರೂ ಕೈಯನ್ನು ಶಲ್ಯದೊಳಗೆ ಬಚ್ಚಿಡುವರು. ಮಂಟಪದ ಮೇಲೆ ತಮ್ಮ ಬದಲು ದೊಡ್ಡಪ್ಪ ನಿಲ್ಲಲಿ ಎಂದುಬಿಟ್ಟರು. ನನಗೆ ಸೀರೆ ಬೇಡ, ಒಡವೆ ಬೇಡ, ಅಪ್ಪ ಪಕ್ಕದಲ್ಲಿರುವ ಒಂದು ನೆಟ್ಟಗಿನ ಫೋಟೋ ಬೇಕಿತ್ತು. ಕಾಕುವಿನ ಮುಂದೆ ಕೂತು ಅತ್ತೆ.

ಕಾಕು ಸಮಾಧಾನ ಹೇಳುವ ಜಾತಿಯಲ್ಲ. ಅಳೋದು ಬಿಟ್ಟು ಚಹಾ ಇಡು ಎಂದರು. ಮರುದಿನದಿಂದ ದಿನಾ ಕೆಳಗಿಳಿದು ಬಂದು ಅಪ್ಪನೆದುರು ಕೂರತೊಡಗಿದರು, ಕ್ಯಾಮೆರಾ ಇಲ್ಲದೆ. ಊರ ಸುದ್ದಿಯೆಲ್ಲ ಹರಟುವರು, ಕಣ್ಣು ಮಾತ್ರ ಅಪ್ಪನ ಕೈ ಮೇಲೆ. ಈ ಬಾಯಿಬಡುಕಿಗೆ ಮೇಲೆ ಮನೆಯಿಲ್ಲವೇ ಎಂದು ಅಪ್ಪ ಅಮ್ಮನ ಹತ್ತಿರ ಗೊಣಗಿದ್ದೂ ಉಂಟು. ಒಂದು ಸಂಜೆ ಕಾಕು ನನ್ನನ್ನು ಮೆಟ್ಟಿಲ ಬಳಿ ಕರೆದು, "ಅಣ್ಣಾರ ಕೈ ಖಾಲಿ ಕುಂತಾಗ ನಡಗತೈತಿ. ಏನರೆ ಹಿಡ್ಯಾಕ ಹೋದರ ಒಂದ್ ಗಳಿಗಿ ಸುಮ್ಮನಾಗತೈತಿ. ನನಗ ಅಷ್ಟ ಸಾಕು," ಎಂದರು. ವೈದ್ಯರೂ ಇದನ್ನೇ ಹೇಳಿದ್ದರು. ನಾವು ಕೇಳಿ ಮರೆತಿದ್ದೆವು.

ಮದುವೆ ದಿಲ್‌ಸುಖ್‌ನಗರದ ಒಂದು ಹಾಲಿನಲ್ಲಿ. ಬಾಡಿಗೆಯ ಫೋಟೋದವರು ಮಂಟಪದ ಮುಂದೆ ಗೋಡೆಯಂತೆ ನಿಂತಿದ್ದರು. ಕಾಕು ತೆಲುಗಿನಲ್ಲಿ ಅವರನ್ನು ಬೈದು ದಾರಿ ಮಾಡಿಕೊಂಡು ತಮ್ಮ ಕಂಬ ಹಿಡಿದರು. ಅಕ್ಷತೆಯ ಅಕ್ಕಿಕಾಳು ಬೀಳತೊಡಗಿದವು. ಅಪ್ಪ ಶಲ್ಯ ಹೊದ್ದು ಮಂಟಪದ ಅಂಚಿನಲ್ಲೇ ನಿಂತಿದ್ದರು, ಇನ್ನೇನು ಇಳಿದುಬಿಡುತ್ತಾರೆ ಅನ್ನಿಸಿತು. ಆಗ ಕ್ಯಾಮೆರಾ ಕಣ್ಣಿಗಿಟ್ಟಾಗ ಎಂದೂ ಮಾತಾಡದ ಕಾಕುವಿನ ದನಿ ಕೇಳಿಸಿತು.

"ಅಣ್ಣಾರ, ಹುಡುಗಿ ಬಾಸಿಂಗ ಸರದೈತಿ ನೋಡ್ರಿ."

ಅಪ್ಪ ಎರಡೇ ಹೆಜ್ಜೆಗೆ ನನ್ನ ಬಳಿ ಬಂದರು. ಶಲ್ಯ ಜಾರಿತು. ಬಲಗೈ ನೇರ ನನ್ನ ಹಣೆಗೆ ಬಂತು. ಆ ಬೆರಳುಗಳು ನನ್ನ ಹುಬ್ಬಿಗೆ ತಾಗಿದವು, ನಡುಗುತ್ತಿರಲಿಲ್ಲ. ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ.

ಆ ಫೋಟೋ ಬಂದಾಗ ಅಮ್ಮ ಅದನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡಳು. ಅಪ್ಪನ ಉಗುರಿನ ಅರಿಶಿನ ಕೂಡ ಅದರಲ್ಲಿ ಸ್ಪಷ್ಟ. ಹಿಂದೆ ಅಕ್ಷತೆ ಎರಚುವವರ ಕೈಗಳೆಲ್ಲ ಮಸುಕು, ಇದೊಂದು ಕೈ ನಿಂತಿದೆ. ನನ್ನ ಬಾಸಿಂಗ ಮಾತ್ರ ಸರಿದಿರಲೇ ಇಲ್ಲ. ಅದು ಕಾಕುವಿಗೂ ನನಗೂ ಗೊತ್ತಿತ್ತು, ನಾವಿಬ್ಬರೂ ಅಪ್ಪನಿಗೆ ಹೇಳಲಿಲ್ಲ.

ಅಪ್ಪ ಹೋದಾಗ ಗೋಡೆಗೆ ಹಾಕಲು ಅದೇ ಫೋಟೋ ಇರಲಿ ಎಂದೆವು. ಬದುಕಿರುವ ಮಗಳ ಮುಖಕ್ಕೂ ಮಾಲೆ ಬೀಳುತ್ತದಲ್ಲ ಎಂದು ಸೋದರತ್ತೆ ಹೌಹಾರಿದರು. ಸ್ಟುಡಿಯೋದವನು ಅಪ್ಪನ ಮುಖವಷ್ಟನ್ನೇ ಕತ್ತರಿಸಿ ಕೊಡುತ್ತೇನೆಂದ. ಕಾಕು ಅಡ್ಡ ನಿಂತರು. "ಕೈ ಬಿಟ್ಟು ಮಾರಿ ಒಂದ ಇಟ್ಟರ ಅಣ್ಣಾರು ಅರ್ಧ ಆಗತಾರ. ಮಾಲೀನ ಬ್ಯಾಡ, ಹಂಗ ಇರಲಿ." ಹಾಗೇ ಇದೆ. ಅಪ್ಪನ ಫೋಟೋಕ್ಕೆ ಮಾಲೆಯಿಲ್ಲ. ಹೊಸಬರು ಬಂದರೆ ಅಪ್ಪ ಹೊರಗೆ ಹೋಗಿದ್ದಾರಾ ಎಂದು ಕೇಳುತ್ತಾರೆ.

ಕಾಕುವೂ ಈಗಿಲ್ಲ. ಮೇಲಿನ ಮನೆಯಲ್ಲಿ ಅವರದೂ ಫೋಟೋ ಇದೆ, ಕ್ಯಾಮೆರಾವನ್ನು ಎದೆಗವಚಿ ನಿಂತದ್ದು. ಅವರ ಮಗಳು ಹಾಕುವ ದಪ್ಪ ಮಾಲೆ ಸರಿಯಾಗಿ ಆ ಕೈಗಳ ಮೇಲೇ ಬೀಳುತ್ತದೆ. ತಾರ್ನಾಕದಿಂದ ತವರಿಗೆ ಹೋದಾಗಲೆಲ್ಲ ನಾನು ಮೇಲೆ ಹತ್ತಿ, ಕೈಗಳು ಕಾಣುವಷ್ಟು ಮಾಲೆಯನ್ನು ಪಕ್ಕಕ್ಕೆ ಮಾಡಿ ಬರುತ್ತೇನೆ. ಮೊನ್ನೆ ಕಾಕುವಿನ ಮಗಳು ನೋಡಿಬಿಟ್ಟಳು.

"ಯಾಕಕ್ಕಾ, ಮಾಲಿ ಸರದಿತ್ತೇನು?"

"ಹೂಂ," ಎಂದೆ, "ಸರದಿತ್ತು."