ನಾಲ್ಕನೇ ದಿನಕ್ಕೇ ಗ್ರೂಪಿಗೆ ಸೇರಿಸಿಕೊಂಡ ಅಕ್ಕ

ಶೇಂಗಾ ಚಟ್ನಿಯ ವಾಸನೆ ಬಂದರೆ ನಮ್ಮ ಕಡೆಯವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಮೈ ಉರಿಯುತ್ತದೆ. ಮೊನ್ನೆ ನಾಸಿಕದ ನಮ್ಮ ಆಫೀಸಿಗೆ ಹೊಸದಾಗಿ ವರ್ಗವಾಗಿ ಬಂದ ಹುಡುಗಿಯೊಬ್ಬಳು ಊಟದ ಹೊತ್ತಿಗೆ ಡಬ್ಬಿ ತೆಗೆದಳು. ‘ತಗೋರಿ ಮೇಡಂ, ನಮ್ಮವ್ವ ಕಳಿಸ್ಯಾಳ’ ಎಂದಳು. ಬೇಡ ಎಂದು ಎದ್ದು ಹೊರಗೆ ಹೋಗಿಬಿಟ್ಟೆ. ಪಾಪ, ಅವಳದೇನು ತಪ್ಪು? ನನಗೆ ನೆನಪಾದದ್ದು ಇಪ್ಪತ್ತು ವರ್ಷದ ಹಿಂದಿನ ಇನ್ನೊಂದು ಡಬ್ಬಿ, ಅದನ್ನು ಹಿಡಿದುಕೊಂಡು ನಿಂತ ಅಕ್ಕ...

ಅಪ್ಪ ಬಾಗಲಕೋಟೆ ಕಡೆಯವರು, ಇಲ್ಲೇ ನಾಸಿಕದ ಪಕ್ಕ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದರು. ನಾನು ಬೆಳೆದದ್ದೆಲ್ಲ ಇಲ್ಲೇ. ಅವ್ವ ಕನ್ನಡದಲ್ಲಿ ಬೈದರೆ ನಾನು ಮರಾಠಿಯಲ್ಲಿ ಎದುರುತ್ತರ ಕೊಡುತ್ತಿದ್ದೆ. ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಔರಂಗಾಬಾದಿನಲ್ಲಿ, ಈಗ ಅದು ಛತ್ರಪತಿ ಸಂಭಾಜಿನಗರ. ಅಲ್ಲಿ ನಮಗೆ ಗುರುತಿನವರು ಒಬ್ಬರೂ ಇರಲಿಲ್ಲ. ರ್‍ಯಾಗಿಂಗ್ ಹೆದರಿಕೆಗೆ ಅಪ್ಪನಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ. ಹಾಸ್ಟೆಲ್ ಬಾಗಿಲಲ್ಲಿ ಯಾರೋ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದದ್ದೇ ತಡ, ದೇವರೇ ಸಿಕ್ಕಂತಾಯಿತು ಅವರಿಗೆ. ಆ ದೇವರು ಮೂರನೇ ವರ್ಷದಲ್ಲಿ ಓದುತ್ತಿದ್ದ, ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹುಡುಗಿ.

‘ನೀವೇನ ಚಿಂತಿ ಮಾಡಬ್ಯಾಡ್ರಿ ಕಾಕಾ. ಇಲ್ಲೆ ನಮ್ಮ ಕನ್ನಡದ ಹುಡುಗ್ಯಾರದ ಒಂದ ಗ್ರೂಪ್ ಐತಿ. ನಿಮ್ಮ ಮಗಳು ಇನ್ನ ನಮ್ಮ ತಂಗಿ’ ಎಂದಳು. ಅಪ್ಪ ಕೈಮುಗಿಯುವುದೊಂದು ಬಾಕಿ.

ನನಗೆ ಸಿಕ್ಕ ಕೋಣೆಯಲ್ಲಿ ಪೈಠಣದ ಹುಡುಗಿಯೊಬ್ಬಳು ಆಗಲೇ ಬಂದಿದ್ದಳು. ಪೈಠಣಿ ಸೀರೆ ನೇಯುವವರ ಮನೆಯವಳು. ‘ಒಂದು ವರ್ಷ ನೋಡೋಣ, ಓದು ಎಲ್ಲಾದರೂ ನಿಂತರೆ ಮನೆಗೆ ಬಾ, ಮದುವೆ ಮಾಡುತ್ತೇವೆ’ ಎಂದು ಅವಳ ಮನೆಯಲ್ಲಿ ಕರಾರು ಮಾಡಿಯೇ ಕಳಿಸಿದ್ದರು. ಅದನ್ನು ಮೊದಲ ಸಂಜೆಯೇ ನಗುತ್ತ ಹೇಳಿದ್ದಳು. ಮೂರು ದಿನ ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ನನ್ನ ನೀರಿನ ಬಾಟಲಿಯನ್ನೂ ಅವಳೇ ತುಂಬಿಸಿಡುತ್ತಿದ್ದಳು.

ನಾಲ್ಕನೇ ದಿನ ಅಕ್ಕ ಚಟ್ನಿ ಡಬ್ಬಿ ಹಿಡಿದುಕೊಂಡು ಬಂದಳು. ಗ್ರೂಪಿಗೆ ಸೇರುವುದಾದರೆ ಮೊದಲ ವಾರದಲ್ಲೇ ಸೇರಬೇಕಂತೆ. ಆಮೇಲೆ ಬಂದವರಿಗೆ ಜಾಗ ಇಲ್ಲವಂತೆ. ಸೇರಿದವರನ್ನು ಯಾವ ಸೀನಿಯರೂ ಮುಟ್ಟುವುದಿಲ್ಲ, ಹಳೇ ಜರ್ನಲ್ಲು, ನೋಟ್ಸು ಎಲ್ಲ ಸಿಗುತ್ತದೆ. ಬದಲಿಗೆ ಮೆಸ್ಸಿನಲ್ಲಿ ಗ್ರೂಪಿನ ಟೇಬಲ್ಲಿನಲ್ಲೇ ಊಟ, ಗ್ರೂಪಿನವರ ಜೊತೆಗೇ ಓಡಾಟ, ಕೋಣೆಯೂ ಅವರ ಸಾಲಿಗೇ ಬದಲು. ಯಾಕಿಷ್ಟು ಅವಸರ ಅಂತ ಆಗ ನನಗೆ ಹೊಳೆಯಲಿಲ್ಲ. ಹೊಸ ಊರಿನಲ್ಲಿ ಯಾರೂ ಗುರುತಿಲ್ಲದಾಗ ಹೆಗಲಿಗೆ ಕೈ ಹಾಕಿದರೆ ಎಂಥವಳೂ ಬುಟ್ಟಿಗೆ ಬೀಳುತ್ತಾಳೆ. ಎರಡು ತಿಂಗಳು ಬಿಟ್ಟು ಕೇಳಿದ್ದರೆ ಅರ್ಧ ಜನ ಒಲ್ಲೆ ಎನ್ನುತ್ತಿದ್ದರು. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು, ಚಾಲಾಕಿ!

ಪೈಠಣದವಳು ಒಂದೇ ಮಾತು ಹೇಳಿದಳು. ‘ದಿವಾಳಿ ಹೋಊ ದೇ ಗ.’ ದೀಪಾವಳಿ ಮುಗಿಯಲಿ ತಡಿಯೇ, ಆಮೇಲೆ ನೋಡಿದರಾಯಿತು ಅಂತ. ನಾನು ತಡೆಯಲಿಲ್ಲ. ಆ ಸಂಜೆಯೇ ಟ್ರಂಕು ಎಳೆದುಕೊಂಡು ಹೋದೆ.

ಗ್ರೂಪಿನಲ್ಲಿ ನನ್ನ ಕನ್ನಡ ಕೇಳಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ‘ಇಕೀ ಕನ್ನಡದಾಗ ಮರಾಠೀನ ಜಾಸ್ತಿ ಐತಿ’ ಎಂದು ಅಕ್ಕ ಕೆನ್ನೆ ಹಿಂಡುತ್ತಿದ್ದಳು. ಅವರಲ್ಲೊಬ್ಬಳು ಎನಿಸಿಕೊಳ್ಳಬೇಕೆಂಬ ಹಟಕ್ಕೆ ನಾನು ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸತೊಡಗಿದೆ. ಮೆಸ್ಸಿನಲ್ಲಿ ಪೈಠಣದವಳು ಒಬ್ಬಳೇ ಕೂತಿದ್ದರೆ ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದೆ. ಥೂ... ಬರೆಯಲಿಕ್ಕೂ ನಾಚಿಕೆ.

ಮೊದಲ ವರ್ಷದವರ ಯಮ ಎಂದರೆ ಇಂಜಿನಿಯರಿಂಗ್ ಡ್ರಾಯಿಂಗ್. ಟರ್ಮ್ ಮುಗಿಯುವುದರೊಳಗೆ ಹನ್ನೆರಡು ದೊಡ್ಡ ಹಾಳೆಗಳನ್ನು ಕೈಯಾರೆ ತೆಗೆದು ಒಪ್ಪಿಸದಿದ್ದರೆ ಪರೀಕ್ಷೆಗೇ ಕೂಡಿಸುತ್ತಿರಲಿಲ್ಲ. ಅದಕ್ಕೆ ಹಾಸ್ಟೆಲ್ಲುಗಳಲ್ಲಿ ಒಂದು ಉಪಾಯವಿತ್ತು. ಕಿಟಕಿಯ ಗಾಜು ಬಿಚ್ಚಿ ಎರಡು ಬಕೆಟ್ಟಿನ ಮೇಲಿಟ್ಟು, ಕೆಳಗೆ ಬಲ್ಬು ಹಚ್ಚಿ, ಇನ್ನೊಬ್ಬರ ಹಾಳೆಯ ಮೇಲೆ ನಮ್ಮದನ್ನು ಹಾಸಿ ಗೆರೆಯ ಮೇಲೆ ಗೆರೆ ಎಳೆಯುವುದು. ಇದಕ್ಕೆ ಜಿಟಿ, ಅಂದರೆ ಗ್ಲಾಸ್ ಟ್ರೇಸಿಂಗ್, ಹೊಡೆಯುವುದು ಎನ್ನುತ್ತಿದ್ದರು. ಆ ವರ್ಷ ಸಿಲೆಬಸ್ ಬದಲಾಗಿ ಗ್ರೂಪಿನ ಹಳೇ ಹಾಳೆಗಳು ರದ್ದಿಯಾದವು.

‘ಆ ಪೈಠಣದಾಕಿ ನಿನ್ನ ದೋಸ್ತ ಅಲ್ಲೇನು? ಭಾರಿ ಚಂದ ತಗೀತಾಳಂತ. ಹೋಗಿ ಇಸ್ಕೊಂಬಾ’ ಎಂದಳು ಅಕ್ಕ. ಎರಡೂವರೆ ತಿಂಗಳು ಮುಖ ನೋಡದವಳು ಹೋಗಿ ಕೇಳಿದೆ. ಅವಳು ಹನ್ನೆರಡೂ ಹಾಳೆಯನ್ನು ಪೇಪರಿನಲ್ಲಿ ಸುತ್ತಿ, ಮಡಚಬೇಡ ಎಂದಷ್ಟೇ ಹೇಳಿ ಕೊಟ್ಟಳು. ಐದು ಜನ ಸರದಿಯಲ್ಲಿ ಜಿಟಿ ಹೊಡೆದೆವು.

ಏಳನೇ ಹಾಳೆಯಲ್ಲಿ ಅವಳದೊಂದು ತಪ್ಪಿತ್ತು. ಚುಕ್ಕೆಗೆರೆ ಬರಬೇಕಾದಲ್ಲಿ ಉದ್ದ ಗೆರೆ ಎಳೆದಿದ್ದಳು. ನಾವೈವರೂ ಭಕ್ತಿಯಿಂದ ಅದನ್ನೂ ಎಳೆದಿದ್ದೆವು. ಡ್ರಾಯಿಂಗ್ ಸರ್ ಒಂದೇ ತಪ್ಪಿನ ಆರು ಹಾಳೆ ಮುಂದಿಟ್ಟುಕೊಂಡು ಆರೂ ಜನರನ್ನು ಮಾರನೇ ದಿನ ಬರಹೇಳಿದರು. ಆ ಸಂಜೆ ಅಕ್ಕ ನಮ್ಮನ್ನು ಕೂಡಿಸಿ, ‘ಮೂಲ ಯಾರದು ಅಂತ ಕೇಳಿದ್ರ ನಮ್ಮೊಳಗಿನ ಹೆಸರ ಹೇಳ್ರಿ. ಹೊರಗಿನಾಕೀದು ಬ್ಯಾಡ’ ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಅಕ್ಷರ ದುಂಡಗಿತ್ತು, ಮೂಲ ನನ್ನದೆಂದರೆ ನಂಬುವಂತಿತ್ತು, ಅದಕ್ಕೆ.

ಸರ್ ಕೇಳಿದಾಗ ನಾಲ್ಕೂ ಜನ ನನ್ನತ್ತ ಬೆರಳು ಮಾಡಿದರು. ‘ಖರೇ ಬೋಲ್ತೇಸ್? ತುಝೀಚ?’ ಎಂದರು ಸರ್, ನಿಜ ಹೇಳುತ್ತಿದ್ದೀಯಾ, ನಿನ್ನದೇನಾ ಅಂತ. ಪೈಠಣದವಳು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಹೆದರಿದ ನೋಟವಲ್ಲ, ನಿಜ ಹೇಳುತ್ತೀಯಲ್ಲ ಎಂಬ ಧೈರ್ಯದ ನೋಟ. ‘ಹೋ ಸರ್, ಮಾಝೀಚ’ ಎಂದೆ. ಹೌದು ಸರ್, ನನ್ನದೇ.

ಐವರ ಮುಂದೆ ಅವಳೊಬ್ಬಳ ಮಾತು ನಡೆಯಲಿಲ್ಲ, ನನ್ನ ಹಾಳೆಗಳು ಪಾಸಾದವು. ಉಳಿದ ಐವರೂ ನಾಲ್ಕು ದಿನದಲ್ಲಿ ಹನ್ನೆರಡನ್ನೂ ಹೊಸದಾಗಿ ತೆಗೆಯಬೇಕೆಂದಾಯಿತು. ಗ್ರೂಪಿನವರಿಗೆ ಸೀನಿಯರುಗಳೆಲ್ಲ ಕೈಜೋಡಿಸಿ ಮುಗಿಸಿಕೊಟ್ಟರು. ಪೈಠಣದವಳು ಮಾತ್ರ ಪೆನ್ಸಿಲ್ ಮುಟ್ಟಲಿಲ್ಲ. ‘ನನ್ನದನ್ನೇ ಕಾಪಿ ಅಂತ ಒಪ್ಪಿಕೊಂಡು ಮತ್ತೆ ಯಾಕೆ ತೆಗೆಯಲಿ?’ ಎಂದಳಂತೆ. ಟರ್ಮ್ ಸಿಗಲಿಲ್ಲ, ಪರೀಕ್ಷೆಗೆ ಕೂಡಿಸಲಿಲ್ಲ. ಮನೆಯವರ ಕರಾರು ಇತ್ತಲ್ಲ... ಅವಳ ಅಪ್ಪ ಎಸ್‌ಟಿ ಬಸ್ಸಿನಲ್ಲಿ ಬಂದು ಟ್ರಂಕು ಹೊತ್ತುಕೊಂಡು ಹೊರಟರು. ಗೇಟಿನಲ್ಲಿ ನನ್ನನ್ನು ಕಂಡು, ಮಗಳ ಗೆಳತಿ ಎಂದುಕೊಂಡು, ಪೈಠಣಕ್ಕೆ ಬಾರಮ್ಮ ಎಂದರು. ಅವಳು ಬೇರೆ ಕಡೆ ನೋಡುತ್ತ ನಿಂತಿದ್ದಳು.

ಆ ಸಂಜೆ ಅಕ್ಕ ನನ್ನ ತಾಟಿಗೆ ಎಲ್ಲರಿಗಿಂತ ಮೊದಲು ಚಟ್ನಿ ಬಡಿಸಿದಳು. ‘ಈಗ ನೋಡು, ನೀ ಖರೇ ನಮ್ಮಾಕಿ ಆದಿ’ ಎಂದಳು. ನನಗೆ ಖುಷಿಯಾಗಿತ್ತು. ಅದನ್ನು ಯಾರ ಮುಂದೂ ಹೇಳಿಲ್ಲ, ಇವತ್ತು ಹೇಳುತ್ತಿದ್ದೇನೆ.

ಅಕ್ಕ ಈಗ ಎಲ್ಲಿದ್ದಾಳೋ ತಿಳಿಯದು, ತಿಳಿಯುವುದೂ ಬೇಡ. ಪೈಠಣಕ್ಕೆ ಮೂರು ಸಲ ಹೋಗಿದ್ದೇನೆ. ಮಗ್ಗದ ಓಣಿಯ ತನಕ ಹೋಗಿ, ಅವಳ ಮನೆ ಯಾವುದೆಂದು ಕೇಳುವ ಧೈರ್ಯವಾಗದೆ ತಿರುಗಿ ಬಂದಿದ್ದೇನೆ.

ಕಳೆದ ವಾರ ನಮ್ಮ ಪಕ್ಕದ ಮನೆಯ ಬ್ಯಾಂಕಿನವರು, ಮಗಳಿಗೆ ಸಂಭಾಜಿನಗರದಲ್ಲಿ ಸೀಟು ಸಿಕ್ಕಿದೆ, ಅಲ್ಲಿನ ಕನ್ನಡ ಗ್ರೂಪಿನವರು ಈಗಲೇ ಫೋನ್ ಮಾಡಿದ್ದಾರೆ, ಸೇರಿಸಲೇ ಎಂದು ಕೇಳಲು ಬಂದಿದ್ದರು. ಮೊದಲ ಟರ್ಮ್ ಮುಗಿಯುವ ತನಕ ಯಾವ ಗ್ರೂಪೂ ಬೇಡ, ಮೊದಲು ಪಕ್ಕದಲ್ಲಿ ಕೂತವಳು ಯಾರೆಂದು ನೋಡಿಕೊಳ್ಳಲಿ ಎಂದು ಹರಿಹಾಯ್ದೆ. ಅವರು ಗಾಬರಿಯಾದರು.

‘ಅಷ್ಟ್ಯಾಕ ಸಿಟ್ರೀ? ಅವರು ನಿಮಗ ಭಾಳ ತ್ರಾಸ ಕೊಟ್ಟಿದ್ರೇನು?’

‘ಇಲ್ರಿ’ ಎಂದೆ. ‘ನನಗ ಎಲ್ಲಾ ಒಳ್ಳೇದ ಮಾಡಿದ್ರು.’