ಜಾರಿಹೋದ ಕೌದಿ

ಕೆಲವು ವಿವರ ತಪ್ಪಿರಬಹುದು. ನನ್ನ ನೆನಪು ತನಗೆ ಬೇಕಾದ್ದನ್ನು ಹಿಗ್ಗಿಸಿಕೊಳ್ಳುತ್ತದೆ. ನಿನ್ನೆ ನನ್ನ ಎರಡನೆಯ ಕೂಸಿಗೆಂದು ತರಿಸಿದ ಹೊದಿಕೆ ಬಂತು. ಕೂಸು ಹುಟ್ಟಲು ಇನ್ನೂ ತಿಂಗಳುಗಳಿವೆ. ಈ ಭೂಮಿಗೆ ಇನ್ನೊಂದು ಜೀವ ಯಾಕೆ ಎಂದು ನನ್ನ ಹಳೆಯ ವಾದ ಒಳಗೊಳಗೇ ಗೊಣಗುತ್ತದೆ, ಖುಷಿ ಮಾತ್ರ ತಡೆಯಲಾಗುತ್ತಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಚೂರು ಬಟ್ಟೆ. ಮೂಸಿದರೆ ಬರೀ ಹೊಸ ಬಣ್ಣದ ವಾಸನೆ. ಹೊಳೆಆಲೂರಿನ ದೊಡ್ಡವ್ವ ನೆನಪಾಗಿ ನಗು ಬಂತು.

ದೊಡ್ಡವ್ವನ ಮನೆಯಲ್ಲಿ ಎಷ್ಟು ಜನ ಎಂದು ಕೇಳಬೇಡಿ. ಊಟಕ್ಕೆ ಕೂತಾಗ ಒಂದು ಲೆಕ್ಕ, ಕೆಲಸಕ್ಕೆ ಕರೆದಾಗ ಇನ್ನೊಂದು. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ; ರಜೆಗೆ ಅಲ್ಲಿಗೆ ಹೋದಾಗಲೇ ಜಗತ್ತನ್ನು ಸರಿಪಡಿಸುವ ಉಮೇದು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದ ದೊಡ್ಡವ್ವನಿಗೆ, "ಭೂಮಿ ಹಾಳಾಗಾಕತ್ತಿದ್ದು ಮಂದಿ ಭಾಳ ಆಗಿದ್ದಕ್ಕ," ಎಂದೆ.

"ಹಂಗಾರ ಯಾರನ್ನ ಕಡಿಮಿ ಮಾಡೂಣು? ನೀನ ಹೇಳು. ಮಧ್ಯಾಹ್ನ ಎಲ್ಲಾರಕಿಂತ ಹೆಚ್ಚ ರೊಟ್ಟಿ ತಿಂದಾಕಿ ನೀನ ಅದಿ!" ಎಂದಳು, ಸೂಜಿ ನಿಲ್ಲಿಸದೆ.

ನನ್ನ ಪರ ನಿಂತವರು ಗಜೇಂದ್ರಗಡದಿಂದ ಬಂದಿದ್ದ ಕಾಕಾ ಒಬ್ಬರೇ. "ಹುಡುಗಿ ಖರೇ ಹೇಳತಾಳ್ರಿ ವೈನಿ. ನಮ್ಮನ್ನ ನೋಡ್ರಿ, ಇಬ್ಬರ ಅದೀವಿ."

ಇಬ್ಬರಿಗೆ ಎರಡು ಕಾರು, ಯಾರೂ ಮಲಗದ ಕೋಣೆಗೂ ಎ.ಸಿ. ಕಾಕಿ ಕೌದಿಗೆಂದು ಒಂದು ಚೀಲ ಸೀರೆ ತಂದಿದ್ದಳು, ಒಂದೊಂದು ಮದುವೆಗೆ ಒಂದೊಂದು ಸಲ ಉಟ್ಟವು. ಆ ಥಳಕಿಗೆ ಮನಸೋತು ಅವನ್ನೇ ಮೇಲೆ ಹಾಸಿದರು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಹೋಳಿಗೆಯ ಚೂರು ಇಡುವುದು ನಮ್ಮ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದು. ಇಟ್ಟರು, ಹೊಲಿದರು. ನಾವು ಹುಡುಗಿಯರೆಲ್ಲ ಅದರಡಿ ಸಾಲಾಗಿ ಮಲಗಿದೆವು. ಬೆಳಿಗ್ಗೆ ಎದ್ದರೆ ಯಾರ ಮೈಮೇಲೂ ಕೌದಿಯಿಲ್ಲ. ಜಾರಿ ಜಾರಿ ಹೊಸ್ತಿಲವರೆಗೆ ಹೋಗಿತ್ತು! ಹೊಸ್ತಿಲು ನನ್ನ ಸೇರ್ಪಡೆಯೂ ಆಗಿರಬಹುದು.

"ಉಟ್ಟು ಉಟ್ಟು ಮೆತ್ತಗಾಗದ ಅರಿವಿ ಮೈಮ್ಯಾಲ ನಿಲ್ಲಂಗಿಲ್ಲವ್ವಾ," ದೊಡ್ಡವ್ವ ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಕಾಕಾನ ಮನ್ಯಾಗ ಹಳೇದೂ ಹೊಸಾದ ಇರತೈತಿ!" ಎಲ್ಲರಿಗಿಂತ ಜೋರಾಗಿ ನಕ್ಕವಳು ಕಾಕಿ.

ಹೊದಿಕೆಯನ್ನು ಮತ್ತೆ ಪೆಟ್ಟಿಗೆಗೆ ತುರುಕಿ ದೊಡ್ಡವ್ವನಿಗೆ ಫೋನು ಮಾಡಿದೆ. ಕೂಸಿಗೆ ಕೌದಿ ಬೇಕೆಂದೆ.

"ಅಯ್ಯ ನನ್ನವ್ವಾ! ನಿನ್ನ ಹಳೀ ಸೀರಿ ತಗೊಂಡ ಲಗೂ ಬಾ. ಹೋಳಿಗಿ ನಾ ಮಾಡತೀನಿ."

ಫೋನು ಕಿವಿಗಿಟ್ಟುಕೊಂಡೇ ಕಪಾಟು ತೆರೆದೆ. ಒಂದರ ಮೇಲೊಂದು ಸೀರೆ; ಮುಟ್ಟಿ ನೋಡಿದೆ, ಒಂದೂ ಮೆತ್ತಗಾಗಿರಲಿಲ್ಲ. ಒಬ್ಬಳೇ ನಗತೊಡಗಿದೆ.

"ದೊಡ್ಡವ್ವಾ, ಖರೇ ಹೇಳು. ಭೂಮಿಗೆ ಭಾರ ಆಗೂದು ಬರೂ ಕೂಸೋ, ನನ್ನ ಕಪಾಟೋ?"

ಅಷ್ಟರಲ್ಲಿ ಆ ಕಡೆ ಯಾವುದೋ ಮೊಮ್ಮಗು ಅತ್ತಿತು. "ತಡಿ, ಬಂದೆ," ಎಂದು ಹೋದಳು. ಇನ್ನೂ ಬಂದಿಲ್ಲ.